ಚುಕ್ಕಾಣಿ ನಿಮ್ಮ ಕೈಯಲ್ಲಿ: ಬ್ರಿಟಿಷ್ ವರ್ಜಿನ್ ದ್ವೀಪಗಳಲ್ಲಿ ಒಂದು ವಾರದ ಬೇರ್‌ಬೋಟ್ ಪ್ರವಾಸಕ್ಕೆ ಸಮಗ್ರ ಮಾರ್ಗದರ್ಶಿ

ಬೇರ್‌ಬೋಟ್ ಅಂದರೆ ಬರೀ ದೋಣಿ, ನಡೆಸುವವರಿಲ್ಲದೆ ಬಾಡಿಗೆಗೆ ಸಿಗುವ ಹಾಯಿದೋಣಿ. ಕಂಪನಿಯವರು ಕೀಲಿ ಕೊಡುತ್ತಾರೆ, ನಕ್ಷೆ ತೋರಿಸುತ್ತಾರೆ, ಜೆಟ್ಟಿ ಮೇಲೆ ನಿಂತು ಕೈ ಬೀಸುತ್ತಾರೆ. ಅಲ್ಲಿಂದ ಮುಂದೆ ಕ್ಯಾಪ್ಟನ್ ನೀವೇ, ಅಡುಗೆಯವರು ನೀವೇ. ರಾತ್ರಿ ಎರಡು ಗಂಟೆಗೆ ಗಾಳಿ ಜೋರಾದರೆ ಎದ್ದು ಲಂಗರು ನೋಡಬೇಕಾದವರೂ ನೀವೇ. ಕೇಳಿದರೆ ಭಯ ಆಗುತ್ತದೆ, ಅಲ್ವಾ? ಸರಿಯಾಗಿ ತಯಾರಾದರೆ ಇಷ್ಟು ಖುಷಿ ಕೊಡುವ ರಜೆ ಇನ್ನೊಂದಿಲ್ಲ.

ಮೊದಲ ಸಲ ಹೋಗುವವರಿಗೆ ನಾನು ಹೇಳುವ ಜಾಗ ಕೆರಿಬಿಯನ್ನಿನ ಬ್ರಿಟಿಷ್ ವರ್ಜಿನ್ ದ್ವೀಪಗಳು. ಚಿಕ್ಕ ದೊಡ್ಡ ಎಲ್ಲ ಸೇರಿ ಸುಮಾರು 60 ದ್ವೀಪಗಳಿವೆ. ಟಾರ್ಟೋಲಾ ಎಲ್ಲಕ್ಕಿಂತ ದೊಡ್ಡದು. ಅದರ ದಕ್ಷಿಣಕ್ಕೆ ನಾರ್ಮನ್, ಪೀಟರ್, ಸಾಲ್ಟ್, ಕೂಪರ್, ಜಿಂಜರ್ ಅನ್ನುವ ದ್ವೀಪಗಳು ಸಾಲಾಗಿ ನಿಂತಿವೆ. ಎರಡರ ನಡುವಿನ ನೀರಿಗೆ ಸರ್ ಫ್ರಾನ್ಸಿಸ್ ಡ್ರೇಕ್ ಚಾನಲ್ ಎಂದು ಹೆಸರು. ಈ ಸಾಲು ದ್ವೀಪಗಳು ತೆರೆದ ಸಮುದ್ರದ ದೊಡ್ಡ ಅಲೆಗಳನ್ನು ಬಹಳಷ್ಟು ತಡೆಯುತ್ತವೆ. ಚಾನಲ್‌ನಲ್ಲಿ ಎಲ್ಲಿದ್ದರೂ ಮುಂದಿನ ದ್ವೀಪ ಕಣ್ಣಿಗೆ ಕಾಣುತ್ತದೆ. ಉಬ್ಬರ ಇಳಿತದ ವ್ಯತ್ಯಾಸ ಅರ್ಧ ಮೀಟರಿಗಿಂತ ಕಡಿಮೆ. ದಿ ಮೂರಿಂಗ್ಸ್ ಕಂಪನಿ 1969ರಲ್ಲೇ ಇಲ್ಲಿ ದೋಣಿ ಬಾಡಿಗೆ ಶುರು ಮಾಡಿತು. ಹಾಗಾಗಿ ಅರ್ಧ ಶತಮಾನಕ್ಕೂ ಹಿಂದಿನಿಂದ ಹೊಸಬರನ್ನು ನೋಡಿ ಪಳಗಿದ ಊರು ಇದು.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದ್ದೆಲ್ಲ ಇದರ ಮೇಲೆಯೇ ನಿಂತಿದೆ. ಪ್ರತಿ ದಿನದ ಲೆಕ್ಕವನ್ನು ಸಂಜೆಯಿಂದ ಹಿಂದಕ್ಕೆ ಹಾಕಿ. ಮಧ್ಯಾಹ್ನ ಎರಡು ಮೂರು ಗಂಟೆಗೆ ದೋಣಿ ಕಟ್ಟಿ ಮುಗಿದಿರಬೇಕು. ಅದಕ್ಕೆ ಬೆಳಿಗ್ಗೆ ಎಷ್ಟಕ್ಕೆ ಹೊರಡಬೇಕು, ಎಷ್ಟು ದೂರ ಹೋಗಬಹುದು ಎಂದು ಆಮೇಲೆ ನೋಡಿ. ಬೇರ್‌ಬೋಟ್ ಪ್ರವಾಸದಲ್ಲಿ ಆಗುವ ಎಡವಟ್ಟುಗಳಲ್ಲಿ ಹೆಚ್ಚಿನವು ತಡವಾಗಿ ಹೊರಟು, ಜಾಸ್ತಿ ದೂರ ಇಟ್ಟುಕೊಂಡು, ಬೆಳಕು ಇಳಿದ ಮೇಲೆ ಗುರುತಿಲ್ಲದ ಕೊಲ್ಲಿಗೆ ನುಗ್ಗುವುದರಿಂದ ಆಗುತ್ತವೆ.

ಯಾವಾಗ ಹೋಗಬೇಕು

ಇಲ್ಲಿ ವರ್ಷವಿಡೀ ಪೂರ್ವದಿಂದ ಗಾಳಿ ಬೀಸುತ್ತದೆ. ಚಳಿಗಾಲದಲ್ಲಿ ಅದು ಈಶಾನ್ಯದ ಕಡೆ ವಾಲುತ್ತದೆ, ಬೇಸಿಗೆಯಲ್ಲಿ ಆಗ್ನೇಯದ ಕಡೆ. ಡಿಸೆಂಬರ್ ಕೊನೆಯಿಂದ ಜನವರಿವರೆಗೆ ಕೆಲವೊಮ್ಮೆ 25–30 ನಾಟ್ (ಗಂಟೆಗೆ ಸುಮಾರು 46–56 ಕಿಲೋಮೀಟರ್) ಗಾಳಿ ದಿನಗಟ್ಟಲೆ ನಿಲ್ಲದೆ ಬೀಸುತ್ತದೆ. ಅದಕ್ಕೆ ಅಲ್ಲಿ ಕ್ರಿಸ್‌ಮಸ್ ಗಾಳಿ ಎನ್ನುತ್ತಾರೆ. ಹೊಸ ಸ್ಕಿಪ್ಪರ್‌ಗೆ, ಅಂದರೆ ದೋಣಿ ನಡೆಸುವ ಕ್ಯಾಪ್ಟನ್‌ಗೆ, ಅದು ಸುಲಭದ ಗಾಳಿ ಅಲ್ಲ.

ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಅಪಾಯ ಹೆಚ್ಚು. 2017ರ ಸೆಪ್ಟೆಂಬರ್ 6ರಂದು ಇರ್ಮಾ ಇದೇ ದ್ವೀಪಗಳ ಮೇಲೆ ಹಾದು ಹೋಯಿತು. ಅತಿ ಜೋರಿನ ಐದನೇ ದರ್ಜೆಯ ಚಂಡಮಾರುತ ಅದು. ಬಂದರಿನಲ್ಲಿ ಕಟ್ಟಿದ್ದ ದೋಣಿಗಳು ಒಂದರ ಮೇಲೊಂದು ಬಿದ್ದು ರಾಶಿಯಾದವು. ಆ ಮೂರು ತಿಂಗಳು ಬಾಡಿಗೆ ಎಷ್ಟೇ ಕಡಿಮೆ ಇದ್ದರೂ ನಾನು ಬೇಡ ಅಂತಲೇ ಹೇಳುತ್ತೇನೆ.

ನನ್ನ ಆಯ್ಕೆ ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ. ಗಾಳಿ ಹದವಾಗಿರುತ್ತದೆ, ಜನ ಕಡಿಮೆ, ಬಾಡಿಗೆಯೂ ಇಳಿದಿರುತ್ತದೆ. ಚಳಿಗಾಲದಲ್ಲಿ ಉತ್ತರದಿಂದ ಬರುವ ದೊಡ್ಡ ಉಬ್ಬಲೆಗಳ ಕಾಟವೂ ಅಷ್ಟು ಹೊತ್ತಿಗೆ ತಗ್ಗಿರುತ್ತದೆ.

ನಿಮಗೆ ಆಗುತ್ತಾ? ಮೊದಲು ಪ್ರಾಮಾಣಿಕವಾಗಿ ನೋಡಿಕೊಳ್ಳಿ

ಗ್ರೀಸ್, ಕ್ರೊಯೇಷಿಯಾಗಳಲ್ಲಿ ಲೈಸೆನ್ಸ್ ಇಲ್ಲದೆ ದೋಣಿ ಮುಟ್ಟಲು ಬಿಡುವುದಿಲ್ಲ. ಇಲ್ಲಿ ಕಂಪನಿಯವರು ಸಾಮಾನ್ಯವಾಗಿ ಕೇಳುವುದು ನಿಮ್ಮ ಅನುಭವದ ಪಟ್ಟಿ. ಎಷ್ಟು ಉದ್ದದ ದೋಣಿ ಓಡಿಸಿದ್ದೀರಿ, ಎಲ್ಲಿ, ಎಷ್ಟು ದಿನ, ನೀವೇ ಸ್ಕಿಪ್ಪರ್ ಆಗಿದ್ದಿರಾ, ರಾತ್ರಿ ಲಂಗರು ಹಾಕಿ ಮಲಗಿದ್ದೀರಾ ಎಂದು ಕೇಳುತ್ತಾರೆ. ಅದನ್ನು ಉಬ್ಬಿಸಿ ಬರೆಯಬೇಡಿ. ಬರೆದದ್ದು ಸುಳ್ಳಾದರೆ ಮೊದಲ ಗಂಟೆಯಲ್ಲೇ ಸಮುದ್ರ ಅದನ್ನು ಹೊರಗೆ ಹಾಕುತ್ತದೆ. ಆಗ ತೊಂದರೆಯಲ್ಲಿ ಸಿಕ್ಕುವವರು ನಿಮ್ಮನ್ನು ನಂಬಿ ಬಂದವರು.

ಏನೂ ಗೊತ್ತಿಲ್ಲದೆ ಶುರು ಮಾಡುವವರು ಒಂದು ವರ್ಷ ಇಟ್ಟುಕೊಳ್ಳಿ. ಅಮೆರಿಕನ್ ಸೈಲಿಂಗ್ ಅಸೋಸಿಯೇಶನ್‌ನ 101, 103, 104 ಕೋರ್ಸುಗಳು, ಇಲ್ಲವೇ ಬ್ರಿಟನ್ನಿನ ಆರ್‌ವೈಎ (ರಾಯಲ್ ಯಾಟಿಂಗ್ ಅಸೋಸಿಯೇಶನ್) ಸಂಸ್ಥೆಯ ಡೇ ಸ್ಕಿಪ್ಪರ್ ಕೋರ್ಸ್ ಸರಿಯಾದ ದಾರಿ. 104 ಇರುವುದೇ ಬೇರ್‌ಬೋಟ್‌ಗಾಗಿ. ಕೋರ್ಸ್ ಆದ ಮೇಲೆ ಗೊತ್ತಿರುವವರ ಜೊತೆ ಕೆಲವು ದಿನ ದೋಣಿಯಲ್ಲಿ ಕೈ ಪಳಗಿಸಿಕೊಳ್ಳಿ. ಇಷ್ಟಾದರೂ ಅಳುಕಿದ್ದರೆ ಮೊದಲ ಎರಡು ದಿನಕ್ಕೆ ಕಂಪನಿಯಿಂದಲೇ ಒಬ್ಬ ಸ್ಕಿಪ್ಪರ್ ತೆಗೆದುಕೊಳ್ಳಿ. ಆ ದುಡ್ಡು ದಂಡ ಅಲ್ಲ. ಅವರಿಗೆ ಪ್ರತಿ ಕೊಲ್ಲಿಯ ತಳ ಗೊತ್ತು. ಎರಡು ದಿನದಲ್ಲಿ ಕಲಿಯುವಷ್ಟನ್ನು ಎರಡು ವಾರ ಒಬ್ಬರೇ ತಿಣುಕಿದರೂ ಕಲಿಯಲಾಗುವುದಿಲ್ಲ.

ಇನ್ನೊಂದು ವಿಷಯ. ಸ್ಕಿಪ್ಪರ್ ಒಬ್ಬರಿಗೇ ಎಲ್ಲ ಗೊತ್ತಿದ್ದರೆ ಸಾಲದು. ನೀರಿಗೆ ಬಿದ್ದವರು ಸ್ಕಿಪ್ಪರೇ ಆದರೆ? ಎಂಜಿನ್ ಚಾಲೂ ಮಾಡುವುದು, ಹಾಯಿ ಇಳಿಸುವುದು, ದೋಣಿ ತಿರುಗಿಸಿ ತರುವುದು, ರೇಡಿಯೊದ 16ನೇ ಚಾನಲ್‌ನಲ್ಲಿ ಸಹಾಯ ಕೇಳುವುದು, ಇಷ್ಟನ್ನು ಮಾಡಬಲ್ಲ ಇನ್ನೊಬ್ಬರು ದೋಣಿಯಲ್ಲಿ ಇರಲೇಬೇಕು.

ದೋಣಿ ಆರಿಸುವುದು

ಒಂದೇ ಒಡಲಿನ ಮೊನೊಹಲ್ ಒಂದು, ಎರಡು ಒಡಲಿನ ಕ್ಯಾಟಮರಾನ್ ಇನ್ನೊಂದು. ಮೊನೊಹಲ್ ಗಾಳಿಗೆ ವಾಲುತ್ತದೆ, ಗಾಳಿಗೆ ಎದುರಾಗಿ ಚೆನ್ನಾಗಿ ಏರುತ್ತದೆ, ಬಾಡಿಗೆ ಕಡಿಮೆ. ಹಾಯಿಯ ನಿಜವಾದ ರುಚಿ ಬೇಕೆನ್ನುವವರು ಅದನ್ನೇ ಇಷ್ಟಪಡುತ್ತಾರೆ. ಕ್ಯಾಟಮರಾನ್ ಅಷ್ಟಾಗಿ ವಾಲುವುದಿಲ್ಲ. ಮೇಜಿನ ಮೇಲಿಟ್ಟ ಲೋಟ ಅಲ್ಲೇ ಇರುತ್ತದೆ. ನೀರಿನಲ್ಲಿ ಮುಳುಗುವ ಆಳವೂ ಕಡಿಮೆ, ಸುಮಾರು 1.2ರಿಂದ 1.4 ಮೀಟರ್. ಅದೇ ಗಾತ್ರದ ಮೊನೊಹಲ್‌ಗೆ ಎರಡು ಮೀಟರ್ ಹತ್ತಿರ ಬೇಕು. ಎರಡು ಎಂಜಿನ್ ದೂರ ದೂರ ಇರುವುದರಿಂದ ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ಹಾಕಿ ನಿಂತಲ್ಲೇ ತಿರುಗಬಹುದು.

ಮಕ್ಕಳು, ವಯಸ್ಸಾದವರು, ಮೊದಲ ಸಲ ಸಮುದ್ರಕ್ಕೆ ಬರುವವರು ಜೊತೆಗಿದ್ದರೆ ನಾನು ಕ್ಯಾಟಮರಾನ್ ಕಡೆಗೆ. ನಾಲ್ಕು ಕೋಣೆಯ ದೋಣಿಗೆ ಎಂಟು ಜನರನ್ನು ತುಂಬಬಹುದು ನಿಜ. ಆರು ಜನ ಇದ್ದರೆ ಹಾಯಾಗಿರುತ್ತದೆ.

ಖರ್ಚಿನಲ್ಲಿ ದೋಣಿಯ ಬಾಡಿಗೆ ಒಂದು ಭಾಗ ಅಷ್ಟೇ. ಡೀಸೆಲ್, ಊಟ, ರಾತ್ರಿ ಕಟ್ಟುವ ಶುಲ್ಕ, ಸರ್ಕಾರದ ಕ್ರೂಸಿಂಗ್ ಪರವಾನಗಿ, ನ್ಯಾಷನಲ್ ಪಾರ್ಕ್ ಪರವಾನಗಿ, ದೋಣಿಗೆ ಹಾನಿಯಾದರೆ ಎಂದು ಇಡುವ ಠೇವಣಿ ಅಥವಾ ಅದರ ಬದಲಿಗೆ ಕಟ್ಟುವ ವಿಮೆ, ಇವೆಲ್ಲ ಬೇರೆ. ಬುಕ್ ಮಾಡುವ ಮೊದಲೇ ಇವನ್ನು ಬರೆದು ಕೊಡಿ ಎಂದು ಕೇಳಿ. ಇಲ್ಲಿ ನಡೆಯುವುದು ಅಮೆರಿಕನ್ ಡಾಲರ್. ಚಿಕ್ಕ ದ್ವೀಪಗಳಿಗೆ ಹೋಗುವಾಗ ಕೈಯಲ್ಲಿ ಸ್ವಲ್ಪ ನಗದು ಇಟ್ಟುಕೊಳ್ಳಿ.

ಕಾಗದಪತ್ರ

ಇಲ್ಲಿಗೆ ವಿಮಾನದಲ್ಲಿ ಬಂದರೆ ಇಳಿಯುವುದು ಟಾರ್ಟೋಲಾದ ಪಕ್ಕದ ಬೀಫ್ ಐಲೆಂಡ್‌ನಲ್ಲಿ. ಇಲ್ಲದಿದ್ದರೆ ಸೇಂಟ್ ಥಾಮಸ್‌ಗೆ ಬಂದು ಫೆರಿ ಹಿಡಿಯಬೇಕು. ಸೇಂಟ್ ಥಾಮಸ್ ಅಮೆರಿಕಕ್ಕೆ ಸೇರಿದ್ದು, ಹಾಗಾಗಿ ಆ ದಾರಿಗೆ ಅಮೆರಿಕದ ಪ್ರವೇಶ ಅನುಮತಿಯೂ ಬೇಕು. ಪಕ್ಕದ ಸೇಂಟ್ ಜಾನ್ ದ್ವೀಪ ಕಣ್ಣಿಗೆ ಕಾಣುವಷ್ಟು ಹತ್ತಿರ. ಸುಮ್ನೆ ಒಂದು ಸುತ್ತು ಹೋಗಿ ಬರೋಣ ಅನ್ನಿಸುತ್ತದೆ. ಆದರೆ ಅದೂ ಅಮೆರಿಕದ್ದೇ, ಬೇರೆ ದೇಶದ ಗಡಿ. ಒಂದು ಕಡೆ ಹೊರಹೋಗುವ ಮುದ್ರೆ, ಇನ್ನೊಂದು ಕಡೆ ಒಳಬರುವ ಮುದ್ರೆ, ಮತ್ತೆ ವಾಪಸ್ ಬರುವಾಗ ಅದೇ ಕೆಲಸ. ವೀಸಾ ಬೇಡದ ದೇಶದವರಿಗೂ ಇಲ್ಲೊಂದು ತೊಡಕಿದೆ. ಆ ವಿನಾಯಿತಿ ವಿಮಾನ, ಫೆರಿಗಳಲ್ಲಿ ಬರುವವರಿಗೆ ಇರುವುದು, ಹೀಗೆ ಸ್ವಂತವಾಗಿ ದೋಣಿ ಓಡಿಸಿಕೊಂಡು ಬಂದರೆ ನಡೆಯುವುದಿಲ್ಲ, ವೀಸಾ ಬೇಕು. ಮೊದಲ ಸಲಕ್ಕೆ ಬ್ರಿಟಿಷ್ ಭಾಗದಲ್ಲೇ ಇರಿ. ಏಳು ದಿನಕ್ಕೆ ಅದೇ ಜಾಸ್ತಿ.

ಗಾಳ ಹಾಕಿ ಮೀನು ಹಿಡಿಯಬೇಕೆಂದಿದ್ದರೆ ಹೊರಗಿನವರಿಗೆ ಪರವಾನಗಿ ಕಡ್ಡಾಯ. ಅದಿಲ್ಲದೆ ಗಾಳ ಬಿಡಬೇಡಿ.

ದೋಣಿ ವಹಿಸಿಕೊಳ್ಳುವ ದಿನ

ದೂರದ ಪ್ರಯಾಣ ಮಾಡಿ ಬಂದ ದಿನವೇ ಹೊರಡಬೇಡಿ. ಒಂದು ರಾತ್ರಿ ಜೆಟ್ಟಿಯಲ್ಲೇ ದೋಣಿಯಲ್ಲಿ ಮಲಗಿ. ಬಹಳ ಕಂಪನಿಗಳು ಇದಕ್ಕೆ ಒಪ್ಪುತ್ತವೆ. ಬೆಳಿಗ್ಗೆ ನಿದ್ದೆ ಮುಗಿಸಿದ ತಲೆಯಲ್ಲಿ ದೋಣಿ ನೋಡಿ.

ಕಂಪನಿಯವರು ತೋರಿಸುವಾಗ ಬರೀ ತಲೆ ಆಡಿಸಬೇಡಿ, ಪ್ರತಿಯೊಂದನ್ನೂ ಕೈಯಿಂದ ಮಾಡಿ ನೋಡಿ. ಎಂಜಿನ್ ಚಾಲೂ ಮಾಡಿ, ಹೊಗೆ ಕೊಳವೆಯಿಂದ ನೀರು ಉಗುಳುತ್ತಿದೆಯೇ ನೋಡಿ. ಉಗುಳದಿದ್ದರೆ ಎಂಜಿನ್ ತಣ್ಣಗಾಗುತ್ತಿಲ್ಲ ಎಂದೇ ಅರ್ಥ. ಲಂಗರಿನ ಮೋಟರ್ ಎಷ್ಟು ಸರಪಳಿ ಬಿಟ್ಟಿತು ಎಂದು ಹೇಗೆ ಗೊತ್ತಾಗುತ್ತದೆ? ಬಣ್ಣದ ಗುರುತು ಇದೆಯೇ? ಆ ಮೋಟರ್ ನಿಂತರೆ ಅದರ ಬ್ರೇಕರ್ ಎಲ್ಲಿದೆ? ಟಾಯ್ಲೆಟ್ ಪಂಪ್, ಗ್ಯಾಸ್ ಬಂದ್ ಮಾಡುವ ಸ್ವಿಚ್, ಒಡಲಿನ ಪ್ರತಿ ಕವಾಟ, ಲೈಫ್ ಜಾಕೆಟ್‌ಗಳ ಲೆಕ್ಕ, ದಡಕ್ಕೆ ಹೋಗಿಬರುವ ಚಿಕ್ಕ ದೋಣಿ ಡಿಂಗಿಯ ಎಂಜಿನ್, ಒಂದನ್ನೂ ಬಿಡಬೇಡಿ. ವಿವರಿಸುವುದನ್ನು ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಮೂರನೇ ದಿನ ಟಾಯ್ಲೆಟ್ ಕಟ್ಟಿಕೊಂಡಾಗ ಅದು ದೇವರಂತೆ ಬರುತ್ತದೆ. ದೋಣಿಯ ಮೇಲೆ ಮೊದಲೇ ಇರುವ ಗೀರುಗಳನ್ನೂ ಅದೇ ವಿಡಿಯೊದಲ್ಲಿ ಹಿಡಿಯಿರಿ.

ನೀರು, ಕರೆಂಟು ಎರಡನ್ನೂ ಅಳೆದು ಬಳಸಬೇಕು. 700 ಲೀಟರ್ ಟ್ಯಾಂಕ್, ಆರು ಜನ, ಏಳು ದಿನ ಅಂದರೆ ಒಬ್ಬರಿಗೆ ದಿನಕ್ಕೆ 16 ಲೀಟರ್ ಚಿಲ್ಲರೆ. ಸ್ನಾನ, ಪಾತ್ರೆ ಎಲ್ಲ ಅದರಲ್ಲೇ. ಸಮುದ್ರದಲ್ಲಿ ಮೈ ತೊಳೆದು, ಕೊನೆಗೆ ಎರಡು ಚೊಂಬು ಸಿಹಿನೀರು ಹಾಕಿಕೊಂಡರೆ ಸಾಕು. ಕುಡಿಯುವ ನೀರು ಬೇರೆಯೇ ಕೊಳ್ಳಿ, ಒಬ್ಬರಿಗೆ ದಿನಕ್ಕೆ ಮೂರು ಲೀಟರ್ ಲೆಕ್ಕದಲ್ಲಿ. ಬ್ಯಾಟರಿಯನ್ನು ಹೆಚ್ಚು ತಿನ್ನುವುದು ಫ್ರಿಜ್. ಲೆಡ್ ಆಸಿಡ್ ಬ್ಯಾಟರಿಯಾದರೆ ಮೀಟರ್ 12.2 ವೋಲ್ಟ್‌ಗಿಂತ ಕೆಳಗೆ ಇಳಿಯದ ಹಾಗೆ ಬೆಳಿಗ್ಗೆ ಸಂಜೆ ಎಂಜಿನ್ ಓಡಿಸಿ ಚಾರ್ಜ್ ಮಾಡಿ.

ದಾರಿ ಹಾಕುವುದು

ನಕ್ಷೆ ಬಿಚ್ಚಿ ಮೊದಲು ಗಾಳಿಯ ಬಾಣ ಬರೆಯಿರಿ, ಪೂರ್ವದಿಂದ ಪಶ್ಚಿಮಕ್ಕೆ. ಪೂರ್ವಕ್ಕೆ ಹೋಗುವ ದಿನ ಗಾಳಿಗೆ ಎದುರು ಹೋಗುತ್ತೀರಿ. ಹಾಯಿದೋಣಿ ನೇರ ಗಾಳಿಗೆ ಎದುರು ಹೋಗಲಾರದು, ಅಂಕುಡೊಂಕಾಗಿ ಹೋಗಬೇಕು. ದೂರ ಸುಮಾರು ಒಂದೂವರೆ ಪಟ್ಟು ಆಗುತ್ತದೆ. ಗಂಟೆಗೆ 5 ನಾಟಿಕಲ್ ಮೈಲಿ (ಒಂದು ಅಂದರೆ ಸುಮಾರು 1.85 ಕಿಲೋಮೀಟರ್, ಮುಂದೆ ಮೈಲಿ ಎಂದರೆ ಇದೇ) ಹಿಡಿದರೆ, ನಕ್ಷೆಯ 12 ಮೈಲಿಗೆ ಎರಡೂವರೆ ಗಂಟೆ ಸಾಲದು, ಮೂರೂವರೆ ಗಂಟೆಗಿಂತ ಸ್ವಲ್ಪ ಹೆಚ್ಚೇ ಬೇಕು.

ನಾನು ಹೇಳುವ ಏಳು ದಿನದ ಸುತ್ತು ಹೀಗಿದೆ. ಮೊದಲ ದಿನ ಟಾರ್ಟೋಲಾದ ಮುಖ್ಯ ಊರು ರೋಡ್ ಟೌನ್‌ನಿಂದ ನಾರ್ಮನ್ ದ್ವೀಪದ ದಿ ಬೈಟ್ ಕೊಲ್ಲಿಗೆ. ಬರೀ ಆರು ಮೈಲಿಯ ಆಸುಪಾಸು. ಕಡಿಮೆ ಆಯಿತು ಅನ್ನಿಸಬಹುದು. ಬೇಕೆಂದೇ ಕಡಿಮೆ ಇಟ್ಟಿದ್ದೇನೆ. ಹಾಯಿ ಏರಿಸಿ ಇಳಿಸಿ ಅಭ್ಯಾಸ ಮಾಡಲು, ಒಂದು ಲೈಫ್ ಜಾಕೆಟ್ ನೀರಿಗೆ ಎಸೆದು ಅದನ್ನು ವಾಪಸ್ ಎತ್ತುವ ಆಟ ಆಡಲು ಆ ದಿನ ಬೇಕು.

ಎರಡನೇ ದಿನ ಬೆಳಿಗ್ಗೆ ಬೇಗ ಪಕ್ಕದ ಇಂಡಿಯನ್ಸ್ ಬಂಡೆಗಳ ಸುತ್ತ ಸ್ನಾರ್ಕೆಲಿಂಗ್ (ಉಸಿರುಕೊಳವೆ ಹಾಕಿಕೊಂಡು ತೇಲುತ್ತಾ ನೀರೊಳಗೆ ನೋಡುವುದು), ಆಮೇಲೆ ಸಾಲ್ಟ್ ಐಲೆಂಡ್. ಅಲ್ಲಿ ಬ್ರಿಟನ್ನಿನ ಅಂಚೆ ಹಡಗು ಆರ್‌ಎಂಎಸ್ ರೋನ್ ನೀರಿನ ತಳದಲ್ಲಿ ಮಲಗಿದೆ. 1867ರ ಅಕ್ಟೋಬರ್ 29ರ ಚಂಡಮಾರುತದಲ್ಲಿ ಬಂಡೆಗೆ ಬಡಿದು ಮುಳುಗಿದ ಹಡಗು ಅದು. ನೂರಕ್ಕೂ ಹೆಚ್ಚು ಜನ ಸತ್ತರು. ಹಿಂಭಾಗ ಕಡಿಮೆ ಆಳದಲ್ಲಿದೆ, ಮೇಲಿನಿಂದಲೇ ಕಾಣುತ್ತದೆ. ಅಷ್ಟು ದೊಡ್ಡ ಕಬ್ಬಿಣದ ರಾಶಿಯ ಮೇಲೆ ಹವಳ ಬೆಳೆದು, ಅದರ ಸಂದುಗಳಲ್ಲಿ ಮೀನು ಓಡಾಡುವುದನ್ನು ನೋಡುತ್ತಾ ತೇಲುವಾಗ ಮೈ ಜುಮ್ಮೆನ್ನುತ್ತದೆ. ರಾತ್ರಿಗೆ ಕೂಪರ್ ದ್ವೀಪ.

ಮೂರನೇ ದಿನ ವರ್ಜಿನ್ ಗೋರ್ಡಾದ ದಿ ಬಾತ್ಸ್. ಮನೆಯಷ್ಟು ದೊಡ್ಡ ಗ್ರಾನೈಟ್ ಬಂಡೆಗಳು ದಡದಲ್ಲಿ ಒಂದಕ್ಕೊಂದು ಒರಗಿ ನಿಂತು, ಕೆಳಗೆ ನೀರಿನ ಕೋಣೆಗಳಾಗಿವೆ. ಬೆಳಗಿನ ತಿಂಡಿ ಮುಂದೂಡಿ ಬೇಗ ಹೋಗಿ. ಕಟ್ಟುವ ಜಾಗ ಬೇಗ ತುಂಬುತ್ತದೆ, ರಾತ್ರಿ ಅಲ್ಲಿ ಉಳಿಯುವಂತಿಲ್ಲ. ದಡದಲ್ಲಿ ಕೆಂಪು ಬಾವುಟ ಹಾರುತ್ತಿದ್ದರೆ ಇಳಿಯಬೇಡಿ, ಎಷ್ಟು ದೂರದಿಂದ ಬಂದಿದ್ದರೂ ಸರಿ. ಆಮೇಲೆ ಗಾಳಿಗೆ ಎದುರು ಏರಿ ನಾರ್ತ್ ಸೌಂಡ್ ಸೇರಿಕೊಳ್ಳಿ. ಸುತ್ತಲೂ ದ್ವೀಪ, ಹವಳದ ದಂಡೆ ಇರುವ, ಕೆರೆಯಂತಹ ಶಾಂತ ನೀರು ಅದು.

ನಾಲ್ಕನೇ ದಿನ ಅನೆಗಡಾ. ಉಳಿದ ದ್ವೀಪಗಳೆಲ್ಲ ಬೆಟ್ಟಗಳು, ಇದೊಂದು ಮಾತ್ರ ಹವಳದ ಸುಣ್ಣಕಲ್ಲಿನ ಚಪ್ಪಟೆ ನೆಲ. ಅತಿ ಎತ್ತರದ ಜಾಗವೇ ಸುಮಾರು 8 ಮೀಟರ್. ಸುತ್ತ ಹಾರ್ಸ್‌ಶೂ ರೀಫ್ ಎಂಬ ಸುಮಾರು 29 ಕಿಲೋಮೀಟರ್ ಉದ್ದದ ಹವಳದ ದಂಡೆ. ನೂರಾರು ಹಡಗುಗಳು ಅದಕ್ಕೆ ಬಡಿದು ಒಡೆದಿವೆ. ದ್ವೀಪ ಹತ್ತಿರ ಬರುವವರೆಗೂ ಕಾಣುವುದಿಲ್ಲ, ಮೊದಲು ಕಾಣುವುದು ಮರದ ತುದಿಗಳು. ಕೆಲವು ಕಂಪನಿಗಳು ಇಲ್ಲಿಗೆ ಹೋಗಲು ಬೇರೆಯೇ ಅನುಮತಿ ಕೇಳುತ್ತವೆ. ನಾರ್ತ್ ಸೌಂಡ್‌ನಿಂದ ಸುಮಾರು 13 ಮೈಲಿ ಉತ್ತರಕ್ಕೆ. ಬೆಳಿಗ್ಗೆ ಎಂಟೂವರೆಗೆ ಹೊರಟರೆ ಹನ್ನೊಂದೂವರೆ ಹೊತ್ತಿಗೆ ಮುಟ್ಟುತ್ತೀರಿ, ಬಿಸಿಲು ನೆತ್ತಿಯ ಮೇಲಿರುತ್ತದೆ. ಅದೇ ಬೇಕಾದದ್ದು. ಬಿಸಿಲು ಎದುರಿಗೆ ಇದ್ದರೆ ನೀರು ಬರೀ ಕನ್ನಡಿ, ತಳ ಕಾಣುವುದಿಲ್ಲ. ನೆತ್ತಿಯ ಮೇಲಿದ್ದರೆ ನೀರೇ ನಕ್ಷೆ: ಕಡುನೀಲಿ ಅಂದರೆ ಆಳ, ತಿಳಿಹಸಿರು ಬೆರೆತ ನೀಲಿ ಅಂದರೆ ಮರಳು, ಕಂದು ಅಂದರೆ ಹವಳ. ಒಬ್ಬರು ದೋಣಿಯ ಮೂತಿಯ (ಮುಂತುದಿಯ) ಮೇಲೆ ನಿಂತು ನೋಡಲಿ. ನೀರಿನಲ್ಲಿ ದಾರಿ ತೋರುವ ಹಸಿರು, ಕೆಂಪು ಗುರುತುಗಳಲ್ಲಿ, ಒಳಗೆ ಬರುವಾಗ ಕೆಂಪು ಬಲಕ್ಕೆ ಇರಬೇಕು. ಯುರೋಪಿನಲ್ಲಿ ಕಲಿತವರು ಹುಷಾರು, ಅಲ್ಲಿ ಇದು ಉಲ್ಟಾ.

ಐದನೇ ದಿನ ಅಲ್ಲೇ ಸುಮ್ಮನೆ ಇರಿ. ಈ ಖಾಲಿ ದಿನವನ್ನು ಯಾರೂ ಯೋಜನೆಯಲ್ಲಿ ಬಿಡುವುದಿಲ್ಲ. ಗಾಳಿ ಕೆಟ್ಟರೆ, ಯಾರಿಗಾದರೂ ಮೈ ಹುಷಾರಿಲ್ಲದಿದ್ದರೆ ಈ ಒಂದು ದಿನ ಇಡೀ ಪ್ರವಾಸವನ್ನು ಉಳಿಸುತ್ತದೆ.

ಆರನೇ ದಿನ ಗಾಳಿ ಬೆನ್ನಿಗೆ. ಯೋಸ್ಟ್ ವಾನ್ ಡೈಕ್ ದ್ವೀಪದವರೆಗೆ ಮೂವತ್ತು ಮೈಲಿಯ ಆಸುಪಾಸು, ಈ ಸುತ್ತಿನ ಅತಿ ಉದ್ದದ ಓಟ. ಏಳು ಗಂಟೆಗೇ ಹೊರಡಿ. ತಡವಾದರೆ ಹಟ ಬೇಡ, ದಾರಿಯಲ್ಲೇ ಟಾರ್ಟೋಲಾದ ಕೇನ್ ಗಾರ್ಡನ್ ಬೇ ಇದೆ. ಆದರೆ ಉತ್ತರದ ಉಬ್ಬಲೆ ಇರುವಾಗ ಆ ಕೊಲ್ಲಿ ರಾತ್ರಿಯೆಲ್ಲ ತೊಟ್ಟಿಲು ತೂಗುತ್ತದೆ. ಕೊನೆಯ ದಿನ ರೋಡ್ ಟೌನ್‌ಗೆ ವಾಪಸ್ ಬರುವುದು ಮತ್ತೆ ಗಾಳಿಗೆ ಎದುರು, ಅದಕ್ಕೂ ಸಮಯ ಬಿಡಿ.

ದೋಣಿ ಕಟ್ಟುವುದು

ಇಲ್ಲಿ ಬಹಳ ಕಡೆ ಲಂಗರಿನ ಬದಲು ಮೂರಿಂಗ್ ಬಾಲ್‌ಗಳಿವೆ. ತಳಕ್ಕೆ ಭದ್ರ ಮಾಡಿದ, ಮೇಲೆ ತೇಲುವ ಚೆಂಡುಗಳು. ಕೆಲವನ್ನು ಬೋಟಿಬಾಲ್ ಆ್ಯಪ್‌ನಲ್ಲಿ ಮೊದಲೇ ಕಾಯ್ದಿರಿಸಬಹುದು, ಉಳಿದವು ಮೊದಲು ಬಂದವರಿಗೆ.

ಕಟ್ಟುವಾಗ ಗಾಳಿಗೆ ಎದುರಾಗಿ, ನಡೆಯುವ ವೇಗಕ್ಕಿಂತಲೂ ನಿಧಾನವಾಗಿ ಬನ್ನಿ. ಮೂತಿಯ ಹತ್ತಿರ ಬಂದಂತೆ ಚೆಂಡು ಚುಕ್ಕಾಣಿ ಹಿಡಿದವರ ಕಣ್ಣಿಗೆ ಮರೆಯಾಗುತ್ತದೆ. ಅದಕ್ಕೇ ಮುಂದೆ ನಿಂತವರು ಕೊಕ್ಕೆ ಕೋಲನ್ನು ಚೆಂಡಿನ ಕಡೆಗೇ ಹಿಡಿದು ತೋರಿಸುತ್ತಿರಲಿ. ಕೂಗಾಟ ಬೇಡ, ಗಾಳಿಯಲ್ಲಿ ಏನೂ ಕೇಳಿಸುವುದಿಲ್ಲ. ಚೆಂಡು ಮೂತಿಯ ಕೆಳಗೆ ಬಂದಾಗ ಎಂಜಿನ್ ನ್ಯೂಟ್ರಲ್. ಹಗ್ಗ ಎತ್ತಿ, ಅದರ ತುದಿಯ ಕುಣಿಕೆಯೊಳಗೆ ನಿಮ್ಮ ಎಡಗಡೆಯ ಹಗ್ಗ ತೂರಿಸಿ ಎಡಗಡೆಗೇ ಕಟ್ಟಿ, ಬಲಗಡೆಯದ್ದು ಬಲಗಡೆಗೇ. ಒಂದೇ ಹಗ್ಗವನ್ನು ಎಡದಿಂದ ಬಲಕ್ಕೆ ಎಳೆದರೆ ದೋಣಿ ಓಲಾಡಿದಂತೆ ಅದು ಕುಣಿಕೆಯಲ್ಲಿ ಗರಗಸದಂತೆ ಉಜ್ಜಿ ಸವೆಯುತ್ತದೆ. ಮೊದಲ ಸಲ ತಪ್ಪಿದರೆ ಕೈ ಬಿಡಿ, ಸುತ್ತು ಹಾಕಿ ಮತ್ತೆ ಬನ್ನಿ. ಬೆರಳು ಕೊಟ್ಟು ದೋಣಿ ನಿಲ್ಲಿಸಲು ಹೋಗಬೇಡಿ.

ಹಿಂದಕ್ಕೆ ಹೋಗುವ ಮುಂಚೆ ಡಿಂಗಿಯ ಹಗ್ಗ ಗಿಡ್ಡ ಮಾಡಿಕೊಳ್ಳಿ. ನಾನು ಒಮ್ಮೆ ಮರೆತಿದ್ದೆ. ಸಡಿಲ ಬಿದ್ದ ಹಗ್ಗ ಪ್ರೊಪೆಲ್ಲರ್‌ಗೆ ಸುತ್ತಿಕೊಂಡು ಎಂಜಿನ್ ಟಕ್ ಎಂದು ನಿಂತಿತು. ಚಾಕು ಹಿಡಿದು ಮುಳುಗಿ ಒಂದೊಂದೇ ಸುತ್ತು ಕತ್ತರಿಸಲು ಮುಕ್ಕಾಲು ಗಂಟೆ ಬೇಕಾಯಿತು. ಅಷ್ಟು ಹೊತ್ತು ದೋಣಿ ಬಂಡೆಯ ಕಡೆ ಹೋಗದಿದ್ದದ್ದು ಸಮಯಕ್ಕೆ ಬಿಟ್ಟ ಲಂಗರಿನಿಂದ.

ಲಂಗರು ಹಾಕುವುದಾದರೆ ಮರಳಿನ ಮೇಲೆ ಮಾತ್ರ, ಹವಳದ ಮೇಲೆ ಎಂದಿಗೂ ಬೇಡ. ನೀರಿನ ಆಳಕ್ಕೆ ಮೂತಿಯ ಎತ್ತರ ಸೇರಿಸಿ, ಅದರ ಐದು ಪಟ್ಟು ಸರಪಳಿ ಬಿಡಿ. ಆಳ 5 ಮೀಟರ್, ಮೂತಿ 1.5 ಮೀಟರ್ ಆದರೆ 32.5 ಮೀಟರಿಗೆ ಕಡಿಮೆ ಇಲ್ಲ. ಗಾಳಿ ಜೋರಾಗುವ ಸೂಚನೆ ಇದ್ದರೆ ಏಳು ಪಟ್ಟು. ಹಿಂದಕ್ಕೆ ಎಳೆದು ಕಚ್ಚಿತೇ ನೋಡಿ. ಆಮೇಲೆ ಕನ್ನಡಕ ಹಾಕಿ ಈಜಿಕೊಂಡು ಹೋಗಿ ಕಣ್ಣಾರೆ ನೋಡಿ. ಲಂಗರು ಮರಳಿನಲ್ಲಿ ಹೂತು ಬರೀ ಹಿಡಿ ಕಾಣುತ್ತಿದೆಯೋ, ಅಥವಾ ಹುಲ್ಲಿನ ಮೇಲೆ ಸುಮ್ನೆ ಮಲಗಿದೆಯೋ? ಮಲಗಿದ್ದರೆ ಎತ್ತಿ ಮತ್ತೆ ಹಾಕಿ, ಎಷ್ಟೇ ಸುಸ್ತಾಗಿದ್ದರೂ.

ಗಾಳಿ ಜೋರಾದರೆ

18–20 ನಾಟ್ ಹತ್ತಿರ ಬಂದರೆ ದೊಡ್ಡ ಹಾಯಿಯನ್ನು ಒಂದು ಪಟ್ಟು ಮಡಚಿ. ಮಡಚಬೇಕಾ ಎಂಬ ಯೋಚನೆ ತಲೆಗೆ ಬಂದ ಕ್ಷಣವೇ ಮಡಚುವ ಕ್ಷಣ. ಕ್ಯಾಟಮರಾನ್‌ನಲ್ಲಿ ಇದು ಇನ್ನೂ ಮುಖ್ಯ. ಅದು ವಾಲಿ ಎಚ್ಚರಿಕೆ ಕೊಡುವುದಿಲ್ಲ, ಎಲ್ಲ ಭಾರ ಹಗ್ಗ ಮತ್ತು ಮಾಸ್ಟ್ (ಹಾಯಿ ಕಂಬ) ಮೇಲೆ ಬೀಳುತ್ತದೆ. ಹಾಗಾಗಿ ಗಾಳಿಯ ಮೀಟರ್ ನೋಡುತ್ತಿರಿ. ದ್ವೀಪಗಳ ನಡುವಿನ ಸಂದಿನಲ್ಲಿ ಗಾಳಿ ಇದ್ದಕ್ಕಿದ್ದಂತೆ ಏರುತ್ತದೆ, ಅಲ್ಲಿಗೆ ಮುಟ್ಟುವ ಮೊದಲೇ ತಯಾರಿರಿ. ಬೆಳಿಗ್ಗೆ ಹವಾಮಾನ ನೋಡದೆ ಹಗ್ಗ ಬಿಚ್ಚಬೇಡಿ. ಕಪ್ಪು ಮಳೆಮೋಡ ಪೂರ್ವದಿಂದ ಬರುವುದು ಕಂಡರೆ ಹಾಯಿ ಇಳಿಸಿ, ಎಂಜಿನ್ ಚಾಲೂ ಮಾಡಿ, ಎಲ್ಲರಿಗೂ ಲೈಫ್ ಜಾಕೆಟ್ ಹಾಕಿಸಿ. ಸಾಮಾನ್ಯವಾಗಿ ಇಪ್ಪತ್ತು ನಿಮಿಷದಲ್ಲಿ ಮೋಡ ದಾಟಿ ಹೋಗುತ್ತದೆ.

ತೀರಾ ತೊಂದರೆಯಾದರೆ ರೇಡಿಯೊದ 16ನೇ ಚಾನಲ್. ಇಲ್ಲಿ ವೈಸಾರ್ ಎಂಬ ಸ್ವಯಂಸೇವಕರ ರಕ್ಷಣಾ ತಂಡ ಇದೆ. ದೋಣಿಯ ಹೆಸರು, ನೀವು ಇರುವ ಜಾಗ, ಎಷ್ಟು ಜನ, ಏನಾಗಿದೆ, ಈ ನಾಲ್ಕನ್ನು ಒಂದು ಚೀಟಿಯಲ್ಲಿ ಬರೆದು ರೇಡಿಯೊ ಪಕ್ಕ ಅಂಟಿಸಿ. ಗಾಬರಿಯಲ್ಲಿ ದೋಣಿಯ ಹೆಸರೂ ಮರೆತುಹೋಗುತ್ತದೆ. ಚೀಟಿ ಇದ್ದರೆ ಮಕ್ಕಳೂ ಓದಿ ಹೇಳಬಹುದು.